ಕುಬಸದ ಸೀರಿ ಕತ್ತರಿಸಲೋ ಬ್ಯಾಡೋ?

ಹಸಿರುಬಳಿ
ಎಲ್ಲಾರಿಗೂ ನಮಸ್ಕಾರ್ರಿ. ಇದು ಹೊಲಿಗಿ ಪ್ರಶ್ನೆ. ಹೊಲಿಗಿ ಮಾಡೋರ ನಡುವನ ಕೇಳಬೇಕಿತ್ತು, ಆದ್ರ ಅಲ್ಲಿ "ಹೊಸಾ ಸೀರಿ ಯಾಕ ಕತ್ತರಸ್ತೀರಿ" ಅಂದ್ರ ಏನ ಹೇಳ್ಲಿ? ಅದಕ್ಕ ಕೂಸು ಕಳಕೊಂಡೋರ ಈ ಗುಂಪಿಗೆ ಬಂದೆ.

ಏಳನೇ ತಿಂಗಳಾಗ ನನಗ ಕುಬಸ, ಅಂದ್ರ ಸೀಮಂತ, ಮಾಡಿದ್ರು. ಹಸಿರು ಇಳಕಲ್ಲ ಸೀರಿ, ಕೆಂಪು ಸೆರಗು, ಚಿಕ್ಕಿಪರಾಸ ದಡಿ. ಗುಳೇದಗುಡ್ಡದ ಖಣ ಅವ್ವ ತಂದಿದ್ಲು. 34ನೇ ವಾರಕ್ಕ ಒಂದಿನ ಕೂಸು ಆಡೂದು ನಿಂತ್ತು. ಹೆಣ್ಣ ಕೂಸು. ಈಗ ನಾಕ ತಿಂಗಳಾತು.

ನಮ್ಮ ಕಡೆ ಪದ್ಧತಿ ನಿಮಗೂ ಗೊತ್ತಿರ್ತದ. ಹುಟ್ಟೂಕ್ಕಿಂತ ಮೊದ್ಲ ಒಂದು ಕುಂಚಿಗಿ ಸುದ್ದಾ ಹೊಲಿಯಂಗಿಲ್ಲ, ತೊಟ್ಟಿಲಾ ಅಟ್ಟದಿಂದ ಇಳಸಂಗಿಲ್ಲ. ದೃಷ್ಟಿ ಆಗ್ತದಂತ. ಹಂಗಾಗಿ ಆಕಿ ಹೋದ ಮ್ಯಾಲೆ ಮನಿ ಎಲ್ಲಾ ಹುಡುಕಿದ್ರೂ ಆಕಿದು ಅನ್ನೂ ಒಂದು ಅರಿಬಿ ಇಲ್ಲ. ಸ್ಕ್ಯಾನಿಂಗ್ ಫೋಟೋ ಅದ, ಅದೂ ಆ ನುಣುಪು ಕಾಗದದ ಮ್ಯಾಲಿಂದು, ಈಗಾಗ್ಲೆ ಮಾಸಾಕ ಹತ್ತೇದ. ಆಕಿ ಒಳಗಿದ್ದಾಗ ನಾ ಉಟ್ಟದ್ದು ಅಂತ ಉಳದದ್ದು ಈ ಸೀರಿ ಒಂದ.

ಅವ್ವ ಅಂತಾಳ, "ಯಾರಿಗರೆ ಕೊಟ್ಟಬಿಡು, ಇಲ್ಲಾ ಹೊಳಿಗೆ ಬಿಡು, ಮನ್ಯಾಗ ಬ್ಯಾಡ." ನಮ್ಮವರು ಅಂತಾರ, ಟ್ರಂಕಿನ್ಯಾಗ ಹಂಗ ಇರ್ಲಿ. ನನಗ ಎರಡೂ ಒಗ್ಗವಲ್ದು. ಅದನ್ನ ಹಾಕಿ ಒಂದು ಸಣ್ಣ ಕೌದಿ ಹೊಲೀಬೇಕು ಅನಸ್ತದ, ತೊಟ್ಟಿಲದಾಗ ಹಾಸೂ ಅಳತಿದು. ಯಾರ ಸಲುವಾಗಿ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ.

ಇಳಕಲ್ಲ ಸೀರಿ ಕೌದಿಗೆ ನಡೀತದೇನು? ಮತ್ತ ನಿಮ್ಮೊಳಗ ಯಾರರೆ ಇಂಥಾದ್ದರ ನಂತರ ಕೈಲೆ ಏನರೆ ಮಾಡೀರೇನು, ಹೊಲಿಗಿ, ಬರಹ, ಚಿತ್ರ, ಏನ ಇರ್ಲಿ? ಮಾಡಿದ ಮ್ಯಾಲೆ ಏನಾತು, ಖರೇ ಹೇಳ್ರಿ.

ಗದಗಿನ ಸೂಜಿ
ತಂಗಿ, ಮೊದ್ಲ ಹೊಲಿಗಿ ಮಾತು. ಸೆರಗು ರೇಷ್ಮಿ ಇದ್ದರ ಅದನ್ನ ಕೌದಿಗೆ ಹಾಕಬ್ಯಾಡ. ಮೈ ನೂಲಿಂದು, ಸೆರಗು ರೇಷ್ಮಿ, ಒಗದಾಗ ಒಂದು ಕುಗ್ಗತದ, ಇನ್ನೊಂದು ಕುಗ್ಗಂಗಿಲ್ಲ. ಕೌದಿ ಮುದುಡಿಕೊಂಡು ಕೂಡತದ. ಹೊಸಾ ಸೀರಿ ಅಂದ್ರ ಗಂಜಿ ಹೋಗೂತನಕ ಮೂರ್ನಾಕ ಸಲ ಒಗಿ. ಕೆಂಪು ಬಣ್ಣ ನಂಬಬ್ಯಾಡ, ಒದ್ದಿ ಬಿಳೀ ಅರಿಬೀಲೆ ತಿಕ್ಕಿ ನೋಡು.

ಒಳಪದರಿಗೆ ಹಳೇ ಧೋತರ ಛಲೋ. ದೊಡ್ಡ ಕೌದಿಗೆ ಐದಾರು ಪದರು ಹಾಕ್ತೀವಿ, ಕೂಸಿನ ಕೌದಿಗೆ ಮೂರು ಸಾಕು. ನೆಲದ ಮ್ಯಾಲೆ ಹಾಸಿ, ಉದ್ದುದ್ದ ಕಚ್ಚಾ ಹೊಲಿಗಿ ಹಾಕಿ ಹಿಡಕೊ, ಆಮ್ಯಾಲೆ ಅಂಚಿನಿಂದ ಶುರು ಮಾಡಿ ಸುತ್ತ ಹೊಲಕೋತ ಒಳಗ ಬಾ. ಸಾಲಿಗೂ ಸಾಲಿಗೂ ಬೆರಳಗಲ. ಚೌಕಟ್ಟು ಗಿಕಟ್ಟು ಏನೂ ಬ್ಯಾಡ, ಕೌದಿ ಮ್ಯಾಲೇ ಕುಂತು ಹೊಲಿಯೂದು.

ಇನ್ನೊಂದು. ನಮ್ಮಜ್ಜಿ ಕಡೀ ಸಾಲು ಮುಚ್ಚೂಕ್ಕಿಂತ ಮೊದ್ಲ ನಡುವ ಗೇಣು ಜಾಗಾ ಬಿಟ್ಟು, ಅದರಾಗ ಒಂದು ಚೂರು ಒಣಾ ರೊಟ್ಟಿ ಇಲ್ಲಾ ನಾಕ ಕಾಳು ಅಕ್ಕಿ ಇಟ್ಟು ಹೊಲೀತಿದ್ಲು. "ಕೌದಿ ಹೊಟ್ಟಿ ಖಾಲಿ ಇರಬಾರ್ದು" ಅಂತಿದ್ಲು. ನಿನಗ ಇದನ್ನ ಹೇಳ್ಲೋ ಬ್ಯಾಡೋ ಅಂತ ಎರಡ ಸಲ ಬರದು ಅಳಿಸೀನಿ. ಬ್ಯಾಡನಿಸಿದ್ರ ಬಿಟ್ಟಬಿಡವಾ.

ಹಿತೈಷಿ
ತಾಯಿ, ಹಿರಿಯನಾಗಿ ಒಂದು ಮಾತು. ನಿಮ್ಮ ತಾಯಿಯವರು ಹೇಳಿದ್ದರಲ್ಲಿ ಅರ್ಥವಿದೆ. ಇಂಥ ವಸ್ತುಗಳನ್ನು ಕಣ್ಣೆದುರು ಇಟ್ಟುಕೊಂಡರೆ ಮನಸ್ಸು ಅಲ್ಲೇ ಸುತ್ತುತ್ತದೆ. ವಯಸ್ಸಿದೆ, ದೇವರು ಮತ್ತೆ ಕೊಡುತ್ತಾನೆ. ಸೀರೆಯನ್ನು ಬಡವರಿಗೆ ದಾನ ಮಾಡಿ ಮುಂದಿನದನ್ನು ನೋಡಿ.

ತುಂಗೆದಡ
ಹಿತೈಷಿಗಳೇ, ನೀವು ಒಳ್ಳೇದಕ್ಕೇ ಹೇಳಿದ್ದೀರಿ, ಜಗಳಕ್ಕೆ ಬಂದಿಲ್ಲ. ಆದರೆ "ಮತ್ತೆ ಕೊಡುತ್ತಾನೆ" ಅನ್ನೋ ಮಾತನ್ನ ಅವರು ಈ ನಾಲ್ಕು ತಿಂಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿರಬಹುದು, ಲೆಕ್ಕ ಹಾಕಿ. ಮನೆಯಲ್ಲಿ ಅಜ್ಜ ತೀರಿಕೊಂಡರೆ ಹನ್ನೊಂದು, ಹನ್ನೆರಡು, ಹದಿಮೂರನೇ ದಿನ ಅಂತ ಕೈತುಂಬ ಕೆಲಸ ಇರುತ್ತೆ. ಎಳ್ಳು ಬಿಡಬೇಕು, ವಡೆ ಮಾಡಬೇಕು, ಜನ ಬರ್ತಾರೆ. ಎಳೆಕೂಸಿಗೆ ನಮ್ಮಲ್ಲಿ ಏನಿದೆ? ಸುಡೋದೂ ಇಲ್ಲ, ಮಣ್ಣು ಮಾಡಿ ಬರ್ತಾರೆ. ಶ್ರಾದ್ಧ ಇಲ್ಲ, ತಿಥಿ ಇಲ್ಲ. ಬಾಣಂತಿಯನ್ನ ಅಲ್ಲಿಗೆ ಕರ್ಕೊಂಡೂ ಹೋಗಲ್ಲ. ಶಾಸ್ತ್ರ ಏನೂ ಕೊಡದೇ ಇದ್ದಾಗ ಕೈ ತನಗೆ ತಾನೇ ಒಂದು ಕೆಲಸ ಹುಡುಕಿಕೊಳ್ಳುತ್ತೆ. ಅದನ್ನ ಬೇಡ ಅನ್ನೋಕೆ ನಾವ್ಯಾರು?

ನನ್ನದು ಹತ್ತೇ ವಾರ. "ನಿಲ್ಲಲಿಲ್ಲ" ಅಂದರು, ಅಷ್ಟೇ. ಬಸ್ಸು ನಿಲ್ಲಲಿಲ್ಲ ಅಂದ ಹಾಗೆ. ಇಲ್ಲಿ ಬರೆಯೋಕೆ ನನಗೆ ಹಕ್ಕಿದೆಯಾ ಅನ್ನೋದೂ ಅನುಮಾನ. ಹೆರಿಗೆಗೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದ ತಾರೀಖಿನ ದಿನ ಬೆಳಿಗ್ಗೆ ದಿನಾ ಹಾಕೋ ಹಾಗೇ ರಂಗೋಲಿ ಹಾಕೋಕೆ ಕೂತೆ. ಏಳು ಚುಕ್ಕಿ ಇಡೋ ಕಡೆ ಇಟ್ಟೆ, ಇಟ್ಟೆ, ಇಡ್ತಾನೇ ಹೋದೆ. ರಸ್ತೆಯವರೆಗೂ ಬಂತು. ಹಾಲಿನವನು ಸೈಕಲ್ ಇಳಿದು ತಳ್ಳಿಕೊಂಡು ಪಕ್ಕದಲ್ಲಿ ಹೋದ. ಎಳೆ ಸೇರಿಸಲೇ ಇಲ್ಲ, ಬರೀ ಚುಕ್ಕಿ. ಮಧ್ಯಾಹ್ನ ಮಳೆ ಬಂತು. ಇದನ್ನ ಕಲೆ ಅಂತೀರೋ ಹುಚ್ಚು ಅಂತೀರೋ, ಪ್ರತಿ ವರ್ಷ ಹಾಕ್ತೀನಿ.

ಹಸಿರುಬಳಿ
ಹಕ್ಕಿನ ಮಾತ ಬ್ಯಾಡ ಅಕ್ಕಾ. ಹತ್ತು ವಾರದ್ದು ಕಡಿಮಿ, 34 ವಾರದ್ದು ಜಾಸ್ತಿ ಅಂತ ತೂಗಾಕ ಇದೇನ ಸಂತಿ ಅಲ್ಲ.

ಅರಗು ಬಣ್ಣ
ನಾನು ಚನ್ನಪಟ್ಣದೋನು, ಲೇತ್ ಕೆಲ್ಸ. ಗಂಡಸ್ರು ಯಾರೂ ಬರ್ದಿಲ್ಲ ಅಂತ ಬರೀತಾ ಇದೀನಿ.

ಕಲೆಯಿಂದ ನೋವು ಹೋಗ್ತದೆ ಅಂತ ಎಲ್ಲಾ ಹೇಳ್ತಾರೆ. ನನ್ ಕಥೆ ಉಲ್ಟಾ. ನಾನು ಹೊಟ್ಟೆಪಾಡಿಗೆ ಮಾಡೋದೇ ಗಿಲಕಿ. ಹಾಲೆ ಮರದ ತುಂಡು ಲೇತಿಗೆ ಕಟ್ಟಿ, ಉಳಿ ಹಿಡಿದು, ತಿರುಗ್ತಾ ಇರೋವಾಗ್ಲೇ ಅರಗಿನ ಕಡ್ಡಿ ಒತ್ತಿದ್ರೆ ಆ ಬಿಸಿಗೆ ಕರಗಿ ಬಣ್ಣ ಹಿಡೀತದೆ. ಆಮೇಲೆ ತಾಳೆಗರಿ ಒತ್ತಿದ್ರೆ ಮೆರುಗು. ಕಣ್ಮುಚ್ಕೊಂಡು ಮಾಡ್ತಿದ್ದೆ. ಮನೆಯವಳಿಗೆ ಐದು ತಿಂಗ್ಳಲ್ಲಿ ಹೋಯ್ತು. ಗಂಡುಮಗು. ನಾನೂ ನಮ್ಮ ಮಾವನೂ ಹೋಗಿ ಹೊಲದ ಬದೀಲಿ ಮಣ್ಣು ಮಾಡಿ ಬಂದ್ವಿ. ಅವಳು ನೋಡ್ಲೇ ಇಲ್ಲ. ಮಾರನೇ ದಿನ ಕೆಲ್ಸಕ್ಕೆ ಹೋದೆ, ಪೀಸ್ ಲೆಕ್ಕ ನಮ್ದು, ಹೋಗದಿದ್ರೆ ದುಡ್ಡಿಲ್ಲ. ಇನ್ನೂರು ಗಿಲಕಿ ಆರ್ಡರ್ ಕಾಯ್ತಿತ್ತು. ಮೊದಲ್ನೇದು ಮುಗ್ಸಿ ಅಲ್ಲಾಡಿಸಿ ನೋಡ್ಬೇಕು, ಸದ್ದು ಸರಿಯಾಗಿ ಬರ್ತದಾ ಅಂತ. ಕೈ ಮೇಲೇಳ್ಲಿಲ್ಲ.

ಯಜಮಾನ್ರು ಒಳ್ಳೇವ್ರು, ಏನೂ ಕೇಳ್ದೆ ಬುಗುರಿ ಕೆಲ್ಸಕ್ಕೆ ಹಾಕಿದ್ರು. ಒಂದೂವರೆ ವರ್ಷ ಬುಗುರಿ ಬಿಟ್ರೆ ಚದುರಂಗದ ಕಾಯಿ. ಈಗ ಮತ್ತೆ ಗಿಲಕಿ ಮಾಡ್ತೀನಿ, ನಡೀತದೆ. ಆವತ್ತು ಮಾಡಿದ ಆ ಒಂದನ್ನ ಮಾತ್ರ ಬಣ್ಣ ಹಾಕ್ದೆ ಮನೇಗೆ ತಂದಿಟ್ಟೆ. ಹಾಲೆ ಮರ ಹೊಸದ್ರಲ್ಲಿ ಹಾಲಿನಂಗೇ ಬೆಳ್ಳಗಿರ್ತದೆ, ಬರ್ತಾ ಬರ್ತಾ ಹಳದಿ ತಿರುಗ್ತದೆ. ದೇವ್ರ ಗೂಡಿನ ಪಕ್ಕ ಇದೆ. ನಾವಿಬ್ರೂ ಅದ್ರ ಬಗ್ಗೆ ಮಾತಾಡಿಲ್ಲ. ಆದ್ರೆ ದೂಳು ಇರಲ್ಲ ಅದ್ರ ಮೇಲೆ, ನಾನಂತೂ ಒರಸಿಲ್ಲ.

ರಾತ್ರಿಪಾಳಿ
ಹೆರಿಗೆ ವಾರ್ಡಿನಲ್ಲಿ ನರ್ಸ್ ನಾನು. ಊರು, ಆಸ್ಪತ್ರೆ ಹೇಳುವುದಿಲ್ಲ.

"ಅವಳು ನೋಡ್ಲೇ ಇಲ್ಲ" ಅಂದರಲ್ಲ ಅಣ್ಣ, ಅದು ನನ್ನನ್ನು ಕುಟುಕಿತು. ನಾವೇ ಎಷ್ಟೋ ಸಲ "ತಾಯಿಗೆ ತೋರಿಸಬೇಡಿ, ತಡ್ಕೊಳ್ಳಲ್ಲ" ಅನ್ನುವ ಮನೆಯವರ ಮಾತಿಗೆ ತಲೆಯಾಡಿಸಿದ್ದೇವೆ. ಈಗ ನಾನು ತಾಯಿಯನ್ನೇ ಕೇಳುತ್ತೇನೆ. ನೋಡಬೇಕಾ, ಎತ್ತಿಕೊಳ್ಳಬೇಕಾ, ಬೇಡವಾ. ಬೇಡ ಅಂದರೆ ಒತ್ತಾಯ ಇಲ್ಲ. ಬೇಕು ಅಂದರೆ ಸ್ಟ್ಯಾಂಪ್ ಪ್ಯಾಡಿನ ಶಾಯಿ ಮುಟ್ಟಿಸಿ ಪಾದದ ಗುರುತು ಒಂದು ಹಾಳೆ ಮೇಲೆ ತೆಗೆದುಕೊಡುತ್ತೇನೆ. ಎರಡು ನಿಮಿಷದ ಕೆಲಸ. ಪಾದ ಒತ್ತುವಾಗ ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೊರಳಿಸಬೇಕು, ಇಲ್ಲದಿದ್ದರೆ ಬೆರಳು ಮೂಡುವುದಿಲ್ಲ.

ಇಲ್ಲಿ ಓದುವವರಿಗೆ ಬೇಕಾಗಬಹುದು ಅಂತ ಒಂದೆರಡು ವಿಷಯ. ತಿಂಗಳು ತುಂಬುತ್ತಾ ಬಂದಮೇಲೆ ಹೋದರೆ ಮೂರನೇ ನಾಲ್ಕನೇ ದಿನಕ್ಕೆ ಎದೆಹಾಲು ಬಂದೇ ಬರುತ್ತದೆ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ, ರಾತ್ರಿ ಎದ್ದು ರವಿಕೆ ಒದ್ದೆಯಾಗಿದ್ದು ನೋಡಿ ಎದೆಯೊಡೆದುಕೊಳ್ಳುತ್ತಾರೆ. ನಿಲ್ಲಿಸಲು ಮಾತ್ರೆ ಇದೆ, ಡಿಸ್ಚಾರ್ಜ್ ಆಗುವ ಮುಂಚೆಯೇ ಡಾಕ್ಟರನ್ನು ಕೇಳಿ. ಕೆಲಸಕ್ಕೆ ಹೋಗುವವರಿಗೆ, ಗರ್ಭಪಾತವಾದರೆ ಆರು ವಾರ ಸಂಬಳದ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ಆ ಕಾಯ್ದೆಯಲ್ಲಿ "ಮಗು" ಅಂದರೆ ಯಾರು ಅನ್ನುವ ಕಡೆ, ಸತ್ತು ಹುಟ್ಟಿದ ಮಗುವೂ ಸೇರುತ್ತದೆ ಅಂತ ಬರೆದಿತ್ತು. ಹಸಿರುಬಳಿಯವರೇ, ಸರಕಾರದ ಲೆಕ್ಕದಲ್ಲೂ ನಿಮ್ಮದು ಮಗುವೇ. ನಾನು ಇದನ್ನು ಮೊದಲ ಸಲ ಓದಿದಾಗ ಡ್ಯೂಟಿ ರೂಮಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮತ್ತೆ, ನಿದ್ದೆಯೇ ಬಾರದೆ, ಬದುಕುವುದೇ ಬೇಡ ಅನ್ನುವಲ್ಲಿಗೆ ಹೋಗುತ್ತಿದ್ದರೆ ಸೂಜಿ ದಾರ ಸಾಲದು. 14416, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಲೀಡ್ಸ್‌ನಿಂದ
ನಾನು ಮೈಸೂರಿನವಳು, ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ. ಇಲ್ಲಿ 22 ವಾರಕ್ಕೆ ಹೋಯಿತು. ಆಸ್ಪತ್ರೆಯಲ್ಲಿ ಒಂದು ಪೆಟ್ಟಿಗೆ ಕೊಟ್ಟರು. ಅದರಲ್ಲಿ ಒಂದೇ ಥರದ ಎರಡು ಪುಟಾಣಿ ಕರಡಿ ಬೊಂಬೆ, ಒಂದು ಮಗುವಿನ ಜೊತೆ ಹೋಗುತ್ತೆ, ಇನ್ನೊಂದು ನಮ್ಮ ಹತ್ತಿರ ಉಳಿಯುತ್ತೆ. ನನ್ನ ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ಉಲ್ಲನ್ ಟೋಪಿ. ಯಾರೋ ಅಜ್ಜಿಯರು ಮನೆಯಲ್ಲಿ ಕೂತು ಹೆಣೆದು ಕಳಿಸುತ್ತಾರಂತೆ. ತಮ್ಮ ಮದುವೆಯ ಬಿಳಿ ಗೌನು ಬಿಚ್ಚಿ ಇಂಥ ಮಕ್ಕಳಿಗೆ ಅಂಗಿ ಹೊಲಿದು ಕೊಡುವವರೂ ಇದ್ದಾರೆ. ಹಸಿರುಬಳಿ, ಮದುವೆ ಗೌನಿಗೆ ಕತ್ತರಿ ಹಾಕುವವರು ಇದ್ದಾರೆ ಅಂದಮೇಲೆ ಕುಬಸದ ಸೀರೆಗೆ ಯಾಕೆ ಹೆದರುತ್ತೀರಿ?

ಆದರೆ ಇಲ್ಲಿ ಎಲ್ಲ ಚೆಂದ ಅಂದುಕೊಳ್ಳಬೇಡಿ. 24 ವಾರಕ್ಕೆ ಮುಂಚೆ ಹೋದರೆ ಒಂದು ಕಾಗದವೂ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಸರಕಾರ ಅಂಥವರಿಗೂ ಒಂದು ಪ್ರಮಾಣಪತ್ರ ಕೊಡಲು ಶುರು ಮಾಡಿತು. ಬಂದ ದಿನ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ "ಅದನ್ನ ಇಟ್ಕೊಂಡು ಏನ್ಮಾಡ್ತೀಯ ಪುಟ್ಟಿ" ಅಂದಳು.

ಕೌನ್ಸೆಲರ್ ಮಗುವಿಗೆ ಪತ್ರ ಬರೆಯಿರಿ ಅಂದರು. ಬರೆಯುವುದರ ಮೇಲೆ ಜೇಮ್ಸ್ ಪೆನ್ನೆಬೇಕರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಕಾಲೇಜು ಹುಡುಗರನ್ನು ಕೂರಿಸಿ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಅವರ ಅತಿ ದೊಡ್ಡ ನೋವನ್ನು ಬರೆಸಿದ. ಬರೆದ ಕೂಡಲೇ ಅವರಿಗೆ ಹಗುರ ಆಗಲಿಲ್ಲ, ಇನ್ನೂ ಭಾರ ಆಯಿತು. ಒಳ್ಳೆಯ ಪರಿಣಾಮ ಕಂಡಿದ್ದು ತಿಂಗಳುಗಟ್ಟಲೆ ಆದಮೇಲೆ. ಇದನ್ನು ಯಾಕೆ ಹೇಳಿದೆ ಅಂದರೆ, ಮೊದಲ ದಿನ ಹೊಲಿದು ಎದ್ದಾಗ ಎದೆ ಹಿಂಡಿದ ಹಾಗಾದರೆ ತಪ್ಪು ಮಾಡಿದೆ ಅಂತ ಸೀರೆ ಮಡಿಚಿಡಬೇಡಿ.

ನನ್ನ ಪತ್ರ ಇಂಗ್ಲಿಷಿನಲ್ಲಿ ಒಂದು ಸಾಲೂ ಹೊರಡಲಿಲ್ಲ. ಕನ್ನಡದಲ್ಲಿ "ಕಂದಾ" ಅಂತ ಬರೆದೆ. ಮುಂದೆ ಹೋಗಲು ಎರಡು ವಾರ ಹಿಡಿಯಿತು.

ಅರ್ಧಪದ
ಬರೆಯೋ ಮಾತು ಬಂತಲ್ಲ, ನನ್ನ ಸಿಟ್ಟೂ ಇರ್ಲಿ. ನಮ್ಮ ಕೂಸು ಹೋದಾಗ ವಾಟ್ಸಾಪಿನ್ಯಾಗ ಆರು ಮಂದಿ ಬೇಂದ್ರೆಯವರ ಪದ ಕಳಿಸಿದ್ರು. ಯಾವ ಪದ ಅಂತ ಹೇಳಬೇಕಾಗಿಲ್ಲ, ಕೂಸಿನ ಸಾವಿನ ಹೊತ್ತಿನ್ಯಾಗ ಅಪ್ಪ ಹೆಂಡತಿಗೆ ಹೇಳೂದು. ದೊಡ್ಡ ಪದ, ಕೇಳಿದ್ರ ಈಗೂ ಗಂಟಲ ಕಟ್ಟತದ. ಆದ್ರ ಅದರಾಗ ಮಾತಾಡಾಂವ ಅಪ್ಪ. ಅವ್ವ ಸುಮ್ನ ನೋಡ್ತಾಳ. ಆಕಿ ಬರದಿದ್ರ ಏನ ಬರೀತಿದ್ಲು?

ಹಂತಿ ಪದ, ಬೀಸುವ ಪದ ಹುಡುಕಿದೆ. ಕೂಸಿನ ಕಾಲಗೆಜ್ಜಿ ಮ್ಯಾಲೆ ರಗಡ ಅದಾವ. ಬಂಜಿ ಅಂತ ಅನಿಸಿಕೊಂಡಾಕಿ ದುಃಖದ ಮ್ಯಾಲೂ ಅದಾವ. ಹಡದೂ ಬರಿಗೈಲೆ ಮನಿಗೆ ಬಂದಾಕಿ ಯಾವ ಸಾಲಿನ್ಯಾಗ ಕೂಡಬೇಕು? ಅದಕ್ಕ ನಾನ ತ್ರಿಪದಿ ಕಟ್ಟಾಕ ಹತ್ತೀನಿ. ಮೂರ ಸಾಲು, ರೊಟ್ಟಿ ಬಡಿಯೂದ್ರಾಗ ಒಂದು ಆಗ್ತದ. ಹಸಿರುಬಳಿ ಬರದದ್ದು ಓದಿ ನಿನ್ನಿ ರಾತ್ರಿ ಇದು ಬಂತು:

ತೊಟ್ಟಿಲ ಕಟ್ಟಿಲ್ಲ, ಹೆಸರಿಟ್ಟು ಕೂಗಿಲ್ಲ,
ಹೊಟ್ಟ್ಯಾಗ ಇದ್ದು ಹೋದಾಕಿ / ನಿನಗಾಗಿ
ಬಟ್ಟಲದ ಹಾಲು ಕೆನೆಗಟ್ಟಿ.

ಹಸಿರುಬಳಿ
ಓದಿ ಭಾಳ ಅತ್ತೆ. ಆದ್ರ ಒಂದು ತಪ್ಪದರೀ. ಹೆಸರು ಇಟ್ಟಿದ್ವಿ. ನಮ್ಮಿಬ್ಬರಿಗೇ ಗೊತ್ತು.

ಅರ್ಧಪದ
ತಪ್ಪಾತವಾ, ಕ್ಷಮಿಸು. ಕೇಳದ ಬರದೆ. ಮೊದಲ ಸಾಲು ಹಿಂಗ ಮಾಡ್ತೀನಿ: "ತೊಟ್ಟಿಲ ಕಟ್ಟಿಲ್ಲ, ಇಟ್ಟ ಹೆಸರ್ಹೇಳಿಲ್ಲ."

ಹಸಿರುಬಳಿ
ಹಾಂ. ಇದು ಸರಿ ಅದ.

ಹಿತೈಷಿ
ಎಲ್ಲವನ್ನೂ ಓದಿದೆ. ನಮ್ಮ ಮನೆಯಾಕೆ ಮೊದಲ ಹೆರಿಗೆಯ ನಂತರ ವರ್ಷಗಟ್ಟಲೆ ಕಸೂತಿ ಹಾಕುತ್ತಿದ್ದಳು. ಧಾರವಾಡದ ತವರು. ನಾನು ಅದನ್ನು ಹವ್ಯಾಸ ಎಂದುಕೊಂಡಿದ್ದೆ. ಈಗ ಆಕೆ ಇಲ್ಲ, ಕೇಳುವಂತಿಲ್ಲ. ಒಂದು ಕುಪ್ಪಸದ ತೋಳಿನಲ್ಲಿ ತೊಟ್ಟಿಲಿನ ಚಿತ್ರ ಇದೆ. ಬಲ್ಲವರು ಹೇಳಿ, ಕಸೂತಿಯಲ್ಲಿ ತೊಟ್ಟಿಲು ಎಲ್ಲರೂ ಹಾಕುವುದೇ?

ಗದಗಿನ ಸೂಜಿ
ಹೌದ್ರೀ ಯಜಮಾನ್ರ, ತೊಟ್ಟಿಲಾ, ಗೋಪುರ, ತುಳಸಿಕಟ್ಟಿ, ಆನಿ, ತೇರು ಎಲ್ಲಾ ಹಾಕ್ತಾರ. ಬರೇ ಚಿತ್ರ ನೋಡಿ ಏನೂ ಹೇಳಾಕ ಬರಂಗಿಲ್ಲ. ತೋಳು ಮಗ್ಗಲು ಹೊಳ್ಳಿಸಿ ನೋಡ್ರಿ. ಗವಂತಿ ಹೊಲಿಗಿ ಆಗಿದ್ದರ ಹಿಂದೂ ಮುಂದೂ ಒಂದ ಥರಾ ಇರ್ತದ, ಗಂಟು ಇರಂಗಿಲ್ಲ. ಎಳಿ ಎಣಿಸಿ ಹೋಗುವಾಗ ಒಂದು ಬಿಟ್ಟು ಒಂದು ಹಾಕ್ತೀವಿ, ಬರುವಾಗ ಬಿಟ್ಟದ್ದನ್ನ ತುಂಬಕೋತ ಬರ್ತೀವಿ. ಒಂದು ಎಳಿ ಲೆಕ್ಕ ತಪ್ಪಿದ್ರ ಪೂರಾ ಬಿಚ್ಚಬೇಕು. ಎಣಿಸುವಾಗ ತಲ್ಯಾಗ ಬ್ಯಾರೆ ಏನೂ ಬರಾಕ ಜಾಗಾ ಇರಂಗಿಲ್ಲ. ಬಾಯಾರ ಸಲುವಾಗಿ ನಾ ಇಷ್ಟ ಹೇಳಬಲ್ಲೆ.

ಹಿತೈಷಿ
ನೋಡಿದೆ. ಎರಡೂ ಕಡೆ ಒಂದೇ ಥರ ಇದೆ.

ಯಲ್ಲಾಪುರ ಘಟ್ಟ
ತಡವಾಗಿ ಓದಿದೆ. ನಮ್ಮ ಮನೆ ಹತ್ತಿರ ಸಿದ್ದಿಯರ ಕೇರಿ. ಅವರ ಕೌದಿ ನೋಡಬೇಕು ನೀವು, ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಬಂದರೆ ಬೇಲಿ ಮೇಲೆ ಒಣಗಲು ಹಾಕಿರ್ತಾರೆ. ಚೂರು ಚೂರು ಬಟ್ಟೆ, ಅಂಚಿನಿಂದ ಒಳಗೆ ಹೊಲಿಯುತ್ತಾ ಹೋಗೋದು. ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಹೂವಿನ ಎಸಳಿನ ಹಾಗೆ ಕೂರಿಸ್ತಾರೆ, ಫುಲ ಅಂತಾರೆ. ಫುಲ ಇಲ್ಲದ ಕೌದಿ ಬತ್ತಲೆ ಅಂತ ಪಕ್ಕದ ಮನೆ ಅಜ್ಜಿ ನಗ್ತಾರೆ. ಹಸಿರುಬಳಿಯವರೇ, ಕೆಂಪು ಸೆರಗು ಒಳಗೆ ಹಾಕಬಾರದು ಅಂದರಲ್ಲ, ಅದರದ್ದೇ ನಾಲ್ಕು ಫುಲ ಮಾಡಬಹುದಲ್ವಾ?

ಹಸಿರುಬಳಿ
ಎರಡು ತಿಂಗಳ ಮ್ಯಾಲೆ ಬರ್ಯಾಕ ಹತ್ತೀನಿ. ಕತ್ತರಿಸಿದೆ.

ಮೊದ್ಲ ಕತ್ತರಿ ಇಡಾಕ ಒಂಬತ್ತು ದಿನ ಹಿಡೀತು. ಕಡಿಗೆ ಒಂದ ಕಡೆ ಸಣ್ಣಂಗ ಕತ್ತರಿ ತಾಗಿಸಿ ಕೈಲೆ ಹರದೆ. ಆ ಸಪ್ಪಳ ಕೇಳಿ ನಮ್ಮವರು ಅಡಗಿಮನಿಂದ ಓಡಿ ಬಂದ್ರು. ಒಂದು ತುದಿ ಹಿಡಕೊಂಡು ನಿಂತ್ರು, ಹರಿಯೂತನಕ.

ಗದಗಿನ ಅಕ್ಕ ಹೇಳಿದಂಗ ಕೆಂಪು ದಡಿ ಬಣ್ಣ ಬಿಡ್ತು. ಮೂರ ಸಲ ಒಗದು ಸಾಕು ಅಂತ ಬಿಟ್ಟಿದ್ದೆ, ತಪ್ಪು ನಂದ. ಒಳಗಿನ ಧೋತರಕ್ಕ ಗುಲಾಬಿ ಕಲಿ ಹತ್ತೇದ, ಹೋಗವಲ್ದು. ಎರಡು ದಿನ ಮುಟ್ಟಲಿಲ್ಲ, ಸಿಟ್ಟು. ಆಮ್ಯಾಲೆ ಹಂಗ ಹೊಲದೆ. ಒಳಗ ಅದ, ಯಾರಿಗೂ ಕಾಣಂಗಿಲ್ಲ.

ಸಾಲು ಸೊಟ್ಟ ಅದಾವ. ಲೀಡ್ಸಿನ ಅಕ್ಕ ಹೇಳಿದ್ದು ಖರೆ, ಮೊದಲ ವಾರ ಹೊಲದು ಎದ್ದರ ಊಟ ಸೇರತಿದ್ದಿಲ್ಲ. ಮೂರನೇ ವಾರದಾಗ ಒಂದಿನ ಹೊಲಿಗಿ ಹಾಕ್ಕೋತ ರೇಡಿಯೋದಾಗ ಏನೋ ಕೇಳಿ ನಕ್ಕೆ. ನಕ್ಕು ಹೆದರಿದೆ.

ಅವ್ವಗ ಹೇಳಿದ್ದಿಲ್ಲ, ನಮ್ಮವರು ಬಾಯಿ ಬಿಟ್ಟಾರ. ಫೋನ್ ಮಾಡಿ ಬೈತಾಳಂತ ಕುಂತಿದ್ದೆ. ಭಾಳ ಹೊತ್ತು ಸುಮ್ಮಿದ್ದು, "ದಾರ ಎರಡೆಳಿ ಹಾಕಿಯೇನು? ಒಂದೆಳಿ ಹಾಕಿದ್ರ ಎರಡ ವರ್ಷಕ್ಕ ಹರೀತದ ನೋಡು" ಅಂದ್ಲು. ಈಗ ದಿನಾ ಸಂಜಿಕೆ ಫೋನ್ ಮಾಡ್ತಾಳ. ಎಷ್ಟ ಸಾಲಾದೂ ಅಂತ ಕೇಳ್ತಾಳ, ಮತ್ತೇನೂ ಕೇಳಂಗಿಲ್ಲ.

ಮೊನ್ನಿ ಕೌದಿ ಬಾಯಿ ಹೊಲದು ಮುಚ್ಚಿದೆ. ಹೊಟ್ಟ್ಯಾಗ ಏನ ಇಟ್ಟಿ ಅಂತ ಇಬ್ಬರು ಬ್ಯಾರೆ ಕಡೆ ಕೇಳಿದ್ರಿ. ಐದು ಕಾಳು ಅಕ್ಕಿ. ಮತ್ತ ಒಂದು ಚೀಟಿ.

ಫುಲ ಮೂರು ಆಗ್ಯಾವ. ನಾಕನೇದ್ದು ಮೂಲಿಗೆ ಹೊಂದವಲ್ದು, ರೇಷ್ಮಿ ಜಾರತದ. ಯಲ್ಲಾಪುರದವರ, ಅಜ್ಜಿ ಹೆಂಗ ಮಡಸ್ತಾರ ಕೇಳಿ ಹೇಳ್ರಿ.

ಯಲ್ಲಾಪುರ ಘಟ್ಟ
ಈಗಷ್ಟೇ ಹೋಗಿ ಕೇಳಿ ಬಂದೆ. ಚೌಕ ತುಂಡನ್ನ ಮೊದಲು ಅಡ್ಡ ಮಡಿಚಿ ತ್ರಿಕೋನ ಮಾಡಬೇಕಂತೆ, ಆಮೇಲೆ ಇನ್ನೊಂದು ಸಲ ಮಡಿಚಿ ಸಣ್ಣ ತ್ರಿಕೋನ. ರೇಷ್ಮೆ ಜಾರಿದರೆ ಒಳಗೆ ಒಂದು ಚೂರು ಹತ್ತಿ ಬಟ್ಟೆ ಇಟ್ಟು ಮಡಿಚು ಅಂದರು. ಆ ಗುಲಾಬಿ ಕಲೆಯ ಧೋತರ ಉಳಿದಿದ್ದರೆ ಅದೇ ಆಗುತ್ತೆ.

ಹಸಿರುಬಳಿ
ಉಳದದ. ಇವತ್ತ ರಾತ್ರಿ ನೋಡ್ತೀನಿ.